ದಸ್ತಗೀರ್ ಮಾಸ್ತರರ ಕಾಲು, ಹನ್ನೊಂದು ದೇಶದ ಡಾಕ್ಟರು

ಆಪರೇಷನ್ ಟೇಬಲ್ ಮೇಲೆ ಎಚ್ಚರವಾಗಿಯೇ ಮಲಗಿರುವ ಮನುಷ್ಯನ ಮುಖದ ಹತ್ತಿರ ಬಗ್ಗಿ, ಇಟಲಿಯ ಡಾಕ್ಟರೊಬ್ಬರು ಬಲು ಗಂಭೀರವಾಗಿ “ಆಲೂಗಡ್ಡೆ” ಎಂದರೆ ಆ ಮನುಷ್ಯ ಏನು ಮಾಡಬೇಕು?

ನಗಬೇಕು. ನಮ್ಮ ದಸ್ತಗೀರ್ ಮಾಸ್ತರರೂ ಅದನ್ನೇ ಮಾಡಿದರು. ತೊಂದರೆ ಏನೆಂದರೆ, ಆ ಹೊತ್ತಿಗೆ ಅವರ ತೊಡೆಯ ರಕ್ತನಾಳದಲ್ಲಿ ಕೂದಲಿನಷ್ಟು ತೆಳ್ಳಗಿನ ತಂತಿಯೊಂದು ಪಾದದ ಕಡೆ ಇಳಿಯುತ್ತಿತ್ತು. ಪಕ್ಕದ ಹಾಲ್‌ನಲ್ಲಿ ಹನ್ನೊಂದು ದೇಶಗಳಿಂದ ಬಂದ ನಲವತ್ತು ಡಾಕ್ಟರು ಅದನ್ನು ದೊಡ್ಡ ಪರದೆಯ ಮೇಲೆ ನೋಡುತ್ತ ಕೂತಿದ್ದರು. ಮಾಸ್ತರರು ನಕ್ಕರು. ಹೊಟ್ಟೆ ಕುಣಿಯಿತು, ಕಾಲು ಅಲುಗಿತು, ಪರದೆಯ ಚಿತ್ರ ಕಲಸಿಹೋಯಿತು.

ತಪ್ಪು ನನ್ನದು. “ಅಲುಗಾಡಬೇಡಿ” ಎಂಬ ಶಬ್ದವನ್ನು ಆ ಇಟಲಿಯವರಿಗೆ ಹೇಳಿಕೊಟ್ಟವಳು ನಾನೇ!

ನಿವೃತ್ತ ಇಂಗ್ಲಿಷ್ ಟೀಚರಿಗೆ ಆಪರೇಷನ್ ಕೋಣೆಯಲ್ಲಿ ಏನು ಕೆಲಸ ಅಂತೀರಾ? ಮೊದಲಿನಿಂದ ಹೇಳುತ್ತೇನೆ.

ಹುಕ್ಕೇರಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಹೇಳಿ ಈಗ ಗೋಕಾಕದಲ್ಲಿ ನೆಲೆಸಿದ್ದರೂ, ನನ್ನ ಕುಪ್ಪಸಗಳನ್ನು ನಾನು ಹೊಲಿಸುವುದು ಮೂಡಲಗಿಯಲ್ಲೇ. ತವರೂರು ಎನ್ನುವುದು ನೆಪ. ಅಸಲಿ ಕಾರಣ ದಸ್ತಗೀರ್ ಮಾಸ್ತರರು. ಅರವತ್ತು ದಾಟಿದ ಟೇಲರು. ನನ್ನ ಮದುವೆಯ ಕುಪ್ಪಸವೂ ಅವರದೇ ಹೊಲಿಗೆ. ಊರಿನ ಎಷ್ಟೋ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿ, ಅವರೆಲ್ಲ ತಮಗೇ ಪೈಪೋಟಿಯಾಗಿ ಅಂಗಡಿ ಇಟ್ಟಾಗ ಹೋಗಿ ಚಹಾ ಕುಡಿದು ಬಂದ ಮನುಷ್ಯ.

ಒಂದು ದಿನ ಕುಪ್ಪಸ ತರಲು ಹೋದರೆ ಅಂಗಡಿಗೆ ಬೀಗ. ಹಿಂದಿನ ಓಣಿಯಲ್ಲಿ ಅವರ ಮನೆ. ಹೆಂಡತಿ ಜೈತೂನ್‌ಬಿ ಬಾಗಿಲು ತೆಗೆದರು. ಮಾಸ್ತರರು ಹೊರಸಿನ ಮೇಲೆ ಕೂತು, ಒಂದು ಕಾಲನ್ನು ಸ್ಟೂಲಿನ ಮೇಲೆ ಚಾಚಿದ್ದರು. ಮೇಲೊಂದು ಹಳೆಯ ದುಪಟ್ಟಾ ಹೊದಿಸಿತ್ತು.

ದುಪಟ್ಟಾ ಸರಿಸಿದರು. ಎರಡು ಬೆರಳು ಕಪ್ಪಾಗಿದ್ದವು. ಪಾದದ ಮೇಲೆ ಬಾಡಿದ ಬಣ್ಣದ ಹುಣ್ಣು. ಅದರಲ್ಲಿ ಹಸಿ ಎನ್ನುವುದೇ ಇರಲಿಲ್ಲ.

“ಸಕ್ಕರಿ ಬ್ಯಾನಿ ಅಕ್ಕೋರ. ಗೋಕಾಕದಾಗ ತೋರಿಸಿದ್ವಿ. ಕಾಲಿಗೆ ರಕ್ತ ಇಳಿಯವಲ್ದಂತ. ಮೊಣಕಾಲ ಕೆಳಗ ತಗೀಬೇಕು ಅಂದಾರ,” ಎಂದರು. ನಮ್ಮ ಕಡೆ ಟೀಚರಮ್ಮಗಳನ್ನು ಅಕ್ಕೋರು ಎನ್ನುತ್ತಾರೆ. ಆಮೇಲೆ ಗೋಡೆ ನೋಡುತ್ತ, “ನಿಮ್ಮ ಎರಡೂ ಕುಪ್ಪಸ ಕತ್ತರಿಸಿಟ್ಟೇನಿ. ಹೊಲ್ಯೂದೊಂದು ಉಳದೈತಿ,” ಎಂದರು.

ನಾನು ಪೆದ್ದುಪೆದ್ದಾಗಿ, ಈಗ ಮೋಟರ್ ಮಷೀನು ಬಂದಿದೆಯಲ್ಲ, ಕಾಲೇ ಬೇಕೆಂದೇನಿಲ್ಲವಲ್ಲ ಎಂದೆ. (ಸಮಾಧಾನ ಹೇಳುವಾಗ ನಾವೆಲ್ಲ ಎಷ್ಟು ದಡ್ಡರಾಗುತ್ತೇವೆ!)

“ಮೋಟರ್ ಓಡತೈತ್ರಿ. ನಿಲ್ಲಾಕ ಬರಂಗಿಲ್ಲ ಅದಕ್ಕ,” ಎಂದರು ಮಾಸ್ತರರು. “ಕಂಕುಳದಾಗ ಒಂದೊಂದ ಹೊಲಿಗಿ ನಿಂತ ನಿಂತ ಹಾಕಬೇಕು. ಎಲ್ಲಿ ನಿಲ್ಲಬೇಕನ್ನೂದು ನನ್ನ ಕಾಲಿಗೆ ಗೊತ್ತೈತಿ. ತಲಿಗೂ ಗೊತ್ತಿಲ್ಲ.”

ಆವತ್ತೇ ಗೋಕಾಕದ ಬಸ್ಸಿನಲ್ಲಿ ಕೂತು ಸವಿತಾಗೆ ಫೋನ್ ಮಾಡಿದೆ.

ಸವಿತಾ, ಬೆಲ್ಲದ ಬಾಗೇವಾಡಿ ಎಂಬ ಊರಿನ ಹುಡುಗಿ. ಕಬ್ಬು ಬೆಳೆಯುವ ಮನೆತನ. ದಿನಾ ಬಸ್ಸಿನಲ್ಲಿ ಹುಕ್ಕೇರಿಗೆ ಬಂದು ನನ್ನ ಕ್ಲಾಸಿನಲ್ಲಿ ಮೂರನೇ ಬೆಂಚಿನಲ್ಲಿ ಕೂರುತ್ತಿದ್ದಳು. ಈಗ ಬೆಳಗಾವಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರ್. ಅವಳ ವಿಭಾಗದ ಹೆಸರು ಇಂಟರ್ವೆನ್ಷನಲ್ ರೇಡಿಯಾಲಜಿ. ಎಕ್ಸ್‌ರೇ ನೋಡುತ್ತ, ಕೊಯ್ಯದೆ, ಸೂಜಿ ಚುಚ್ಚಿದಷ್ಟೇ ತೂತಿನಿಂದ ರಕ್ತನಾಳದೊಳಗೆ ತಂತಿ, ಕೊಳವೆ ಕಳಿಸಿ ರಿಪೇರಿ ಮಾಡುವ ವಿದ್ಯೆ.

ಫೋಟೋ, ರಿಪೋರ್ಟು ಎಲ್ಲ ನೋಡಿ ಸಂಜೆ ಅವಳೇ ಫೋನ್ ಮಾಡಿದಳು. “ಗ್ಯಾರಂಟಿ ಕೊಡಾಕ ಆಗಂಗಿಲ್ರಿ ಅಕ್ಕೋರ. ಆದ್ರ ನೋಡೂಣು. ಸೋಮವಾರದಿಂದ ಇಲ್ಲಿ ಇಂಟರ್‌ನ್ಯಾಷನಲ್ ವರ್ಕ್‌ಶಾಪ್ ಐತಿ. ಹೊರಗಿನ ದೇಶದ ಡಾಕ್ಟರು ಕಲಿಯಾಕ ಬರ್ತಾರ. ಇಟಲಿಯಿಂದ ಕಲಿಸಾವ್ರು ಒಬ್ರು ಬರ್ತಾರ. ಅವ್ರ ಜೋಡಿ ನಾನ ಮಾಡ್ತೇನಿ.” ಫೋನ್ ಇಡುವ ಮೊದಲು ಸೇರಿಸಿದಳು: “ವರ್ಕ್‌ಶಾಪಿಗೆ ಇಂಥಾ ಕೇಸೊಂದು ನಮಗೂ ಬೇಕಾಗಿತ್ತು. ಅದನ್ನೂ ಹೇಳೇಬಿಡ್ತೇನಿ.”

ಆ ಕೊನೆಯ ಮಾತು ನನಗೆ ಹಿಡಿಸಿತು. ಅವಳು ಅದನ್ನು ಹೇಳದೆಯೂ ಇರಬಹುದಿತ್ತು.

ಸೋಮವಾರ ಮಧ್ಯಾಹ್ನ ಬೆಳಗಾವಿಯ ವಾರ್ಡಿನಲ್ಲಿ ಸವಿತಾ ಸ್ಟೂಲ್ ಎಳೆದುಕೊಂಡು ಮಾಸ್ತರರ ಮಂಚದ ಪಕ್ಕ ಕೂತಳು. ಚಿತ್ರ ಬರೆದು ತೋರಿಸಿದಳು. ತೊಡೆಯಲ್ಲಿ ತೂತು, ಅಲ್ಲಿಂದ ತಂತಿ ಕೆಳಗೆ, ಕಟ್ಟಿಕೊಂಡ ಜಾಗ ದಾಟಿದರೆ ಅದರ ಮೇಲೆ ಪುಟ್ಟ ಬಲೂನು, ಬಲೂನು ಉಬ್ಬಿಸಿದರೆ ದಾರಿ.

ಮಾಸ್ತರರು ಒಂದೇ ಸಲಕ್ಕೆ ಹಿಡಿದರು. “ಅಂದ್ರ ಲಂಗಕ್ಕ ಲಾಡಿ ಹಾಕಿದಂಗ!”

“ಹಂಗ ನೋಡ್ರಿ!”

“ಇದನ್ನ ಎಲ್ಲಾರೂ ನೋಡ್ತಾರ?”

“ನಲವತ್ತು ಮಂದಿ. ನಿಮ್ಮ ಮಾರಿ ಕಾಣಂಗಿಲ್ಲ. ಕಾಲು ಅಷ್ಟ.”

ಮಾಸ್ತರರು ತಮ್ಮ ಕಾಲನ್ನೊಮ್ಮೆ ನೋಡಿಕೊಂಡರು. ಆಮೇಲೆ ಕೇಳಿದರು. “ನಾನೂ ಮಂದಿಗೆ ಕಲಿಸೀನ್ರಿ ಡಾಕ್ಟರಬಾಯಾರ. ಹೊಸಾದಾಗಿ ಕಲಿಯೋವ್ರ ಕೈಯಾಗ ನಾ ಹಳೇ ಬಟ್ಟಿ ಕೊಡ್ತೇನಿ. ಕೆಟ್ರ ಕೆಡಲಿ ಅಂತ. ಗಿರಾಕಿ ಬಟ್ಟಿ ಕೊಡಂಗಿಲ್ಲ. ಈಗ ಖರೆ ಹೇಳ್ರಿ, ನಾ ಹಳೇ ಬಟ್ಟಿ ಏನು?”

ಸವಿತಾ ಏನು ಹೇಳುತ್ತಾಳೆ? ಉತ್ತರ ಮಾಸ್ತರರಷ್ಟೇ ನನಗೂ ಬೇಕಿತ್ತು.

ಯಾಕೆಂದರೆ ಈ ಪ್ರಶ್ನೆ ನನಗೂ ತಾಗುವಂಥದು. ನಾನು ಕಲಿಸುವುದನ್ನು ಕಲಿತದ್ದು ಯಾರ ಮೇಲೆ? ಹುಕ್ಕೇರಿಯ ನನ್ನ ಮೊದಲ ವರ್ಷದ ಆ ಐವತ್ತು ಮಕ್ಕಳ ಮೇಲೆ. ಸವಿತಾ ಅವರಲ್ಲೊಬ್ಬಳು. ಆ ವರ್ಷ ನಾನು ಅವರಿಗೆಲ್ಲ “ಡಿಸ್ಕಸ್ ಅಬೌಟ್” ಎಂದು ತಪ್ಪಾಗಿ ಕಲಿಸಿದೆ. “ಅಬೌಟ್” ಬೇಡ ಎಂದು ನನಗೆ ಗೊತ್ತಾಗುವ ಹೊತ್ತಿಗೆ ಆ ಬ್ಯಾಚು ಪಾಸಾಗಿ ಹೋಗಿತ್ತು. ಆವತ್ತು ಬೆಳಿಗ್ಗೆಯಷ್ಟೇ ಸವಿತಾ ಹನ್ನೊಂದು ದೇಶಗಳ ಎದುರು ಮೈಕ್ ಹಿಡಿದು “ಲೆಟ್ ಅಸ್ ಡಿಸ್ಕಸ್ ಅಬೌಟ್ ದಿಸ್ ಕೇಸ್” ಎಂದಿದ್ದಳು. ಹಿಂದಿನ ಕುರ್ಚಿಯಲ್ಲಿ ಕೂತು ನಾನು ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದೆ.

ಸವಿತಾ ನಿಧಾನವಾಗಿ ಹೇಳಿದಳು. “ಇಲ್ರಿ ಕಾಕಾ. ಹಳೇ ಬಟ್ಟಿ ನಮ್ಮ ಕಡೇನೂ ಐತಿ. ಪ್ಲಾಸ್ಟಿಕ್ ಕಾಲು. ಬಂದವ್ರು ಅದರ ಮ್ಯಾಲನ ಕಲೀತಾರ. ನಿಮ್ಮ ಕಾಲಾಗ ನನ್ನ ಕೈ, ಇಟಲಿಯವ್ರ ಕೈ. ಆದ್ರ ಬಲೂನು ಉಬ್ಬಿಸಾಕ ಇನ್ನೊಂದು ಕೈ ಬೇಕು. ಕಲಿಯಾಕ ಬಂದವ್ರೊಳಗ ಒಬ್ರು ನನ್ನ ಬಾಜೂಕ ನಿಂತು ಅದನ್ನ ಮಾಡ್ತಾರ. ಪರವಾನಗಿ ಎಲ್ಲಾ ತಗೊಂಡೇವಿ. ನೀವು ಬ್ಯಾಡ ಅಂದ್ರ ಬ್ಯಾಡ. ಆಗೂ ನಿಮ್ಮ ಕಾಲು ನಾ ಮಾಡ್ತೇನಿ.”

“ಆ ಒಬ್ರು ಯಾರು?”

“ಇನ್ನೂ ನಿಕ್ಕಿ ಆಗಿಲ್ಲ.”

“ಮತ್ತ ನಾ ನೋಡ್ತೇನಿ ನಡೀರಿ,” ಎಂದರು ಮಾಸ್ತರರು. “ಕೈ ನೋಡದ ನಾ ಯಾರಿಗೂ ಕತ್ತರಿ ಕೊಟ್ಟಾವಲ್ಲ.”

ಹೀಗೆ ಕೇಳಿದ ಪೇಷಂಟನ್ನು ಸವಿತಾ ಈ ಮೊದಲು ಕಂಡಿರಲಿಲ್ಲವಂತೆ. ಆದರೂ ವೀಲ್‌ಚೇರ್ ತರಿಸಿದಳು.

ಅಭ್ಯಾಸದ ಹಾಲ್ ಬೆಳಗಿನ ಸಭೆಯದಲ್ಲ, ಬೇರೆಯೇ ಇತ್ತು. ಅದನ್ನು ನೋಡಿ ನಾವು ಮೂವರೂ (ಜೈತೂನ್‌ಬಿ ಸೇರಿ) ಬಾಗಿಲಲ್ಲೇ ನಿಂತೆವು. ಉದ್ದ ಟೇಬಲ್‌ಗಳು. ಟೇಬಲ್ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಕಾಲುಗಳು. ಅವುಗಳೊಳಗೆ ಬಳ್ಳಿಯ ಹಾಗೆ ಕವಲೊಡೆದ ಕೊಳವೆ, ಕೊಳವೆಯಲ್ಲಿ ಕೆಂಪು ನೀರು. ಒಂದೊಂದು ಕಾಲಿನ ಸುತ್ತ ನಾಲ್ಕು ನಾಲ್ಕು ಡಾಕ್ಟರು. ನೇಪಾಳ, ಈಜಿಪ್ಟ್, ಕೆನ್ಯಾ, ವಿಯೆಟ್ನಾಂ, ಶ್ರೀಲಂಕಾ... ಎಲ್ಲರ ತಲೆಯೂ ಬಗ್ಗಿತ್ತು.

“ಯಾ ಅಲ್ಲಾ, ಹೊಲಿಗಿ ಕ್ಲಾಸ್ ಇದ್ದಂಗ ಐತಿ!” ಎಂದರು ಜೈತೂನ್‌ಬಿ.

ನಾನೂ ಬಗ್ಗಿ ನೋಡಿದೆ. ತಂತಿಯ ತುದಿ ಸ್ವಲ್ಪ ಬಾಗಿರುತ್ತದೆ. ಹೊರಗೆ ಎರಡು ಬೆರಳಲ್ಲಿ ಹಿಡಿದು ಹೊಸೆದರೆ ಒಳಗೆ ಎಲ್ಲೋ ದೂರದ ತುದಿ ಎಡಕ್ಕೋ ಬಲಕ್ಕೋ ತಿರುಗುತ್ತದೆ. ತಳ್ಳಿದರೆ ಗೋಡೆಗೆ ಚುಚ್ಚುತ್ತದೆ. ಹೊಸೆದರೆ ದಾರಿ ಸಿಗುತ್ತದೆ. ಹೊರಗಿನ ಬೆರಳಿಗೆ ಒಳಗಿನ ತಿರುವು ಹೇಗೆ ತಿಳಿಯುತ್ತದೋ! ಒಬ್ಬ ಡಾಕ್ಟರನ್ನು ಕೇಳಿದೆ. “ತಿಳಿಯುವುದಿಲ್ಲ, ತಿಳಿಯಲು ಬಂದಿದ್ದೇನೆ,” ಎಂದು ನಕ್ಕ.

ಮಾಸ್ತರರು ಟೇಬಲಿಂದ ಟೇಬಲಿಗೆ ವೀಲ್‌ಚೇರ್ ದಬ್ಬಿಸಿಕೊಂಡರು. ಮುಖ ನೋಡಲಿಲ್ಲ, ಕೈ ಮಾತ್ರ ನೋಡಿದರು. ಭಾರೀ ಆಳೊಬ್ಬ ತಂತಿಯನ್ನು ಸರಸರನೆ ನುಗ್ಗಿಸುತ್ತಿದ್ದ. ಉಳಿದವರು ಮೆಚ್ಚಿ ನೋಡುತ್ತಿದ್ದರು. ಮಾಸ್ತರರು ತಲೆ ಅಲ್ಲಾಡಿಸಿ ಮುಂದೆ ಹೋದರು.

ಕೊನೆಯ ಟೇಬಲಿನಲ್ಲಿ ಕನ್ನಡಕದ ಸಣ್ಣ ಹೆಣ್ಣುಮಗಳು. ಡಾ. ಲಿಯೆನ್, ವಿಯೆಟ್ನಾಂನವಳು. ಅವಳ ತಂತಿ ಸಿಕ್ಕಿಕೊಂಡಿತ್ತು. ಪಕ್ಕದವರು “ಪುಶ್, ಪುಶ್” ಎನ್ನುತ್ತಿದ್ದರು. ಅವಳು ತಳ್ಳಲಿಲ್ಲ. ಪೂರ್ತಿ ಹಿಂದಕ್ಕೆಳೆದು, ತುದಿ ಒರೆಸಿ, ಮತ್ತೆ ಮೊದಲಿನಿಂದ ಶುರುಮಾಡಿದಳು. ಮೂರು ಸಲ.

ಮಾಸ್ತರರು ಅಲ್ಲೇ ವೀಲ್‌ಚೇರ್ ನಿಲ್ಲಿಸಿಕೊಂಡರು. “ಈಕಿ ಬಿಚ್ಚಿ ಹೊಲೀತಾಳ,” ಎಂದರು. “ಬಿಚ್ಚಾಕ ನಾಚಿಕಿ ಇಲ್ಲದವ್ರ ಕೈ ಚಲೋ. ಈಕೀನ ಬರ್ಲಿ.”

ನಾನು ಅನುವಾದಿಸಿದೆ. ಲಿಯೆನ್ ನನ್ನನ್ನು ನೋಡಿದಳು, ಅವರನ್ನು ನೋಡಿದಳು. ಕಣ್ಣು ತುಂಬಿಕೊಂಡವು. ಆಮೇಲೆ ಗೊತ್ತಾಯಿತು: ಕೈ ನಿಧಾನ ಎಂದು ಅವಳ ಊರಲ್ಲಿ ಅವಳನ್ನು ಬೈಯುತ್ತಿದ್ದರಂತೆ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಜೈತೂನ್‌ಬಿ ಗಂಡನಿಗೆ ಇಷ್ಟೇ ಹೇಳಿದರು. “ಕಾಲು ಉಳಿಸ್ಕೊಂಡ ಬರ್ರಿ. ಇಲ್ಲಾಂದ್ರ ದಿನಾ ಮನ್ಯಾಗ ಕುಂತು ನನಗ ಅಡಿಗಿ ಕಲಿಸಾಕ ಬರ್ತೀರಿ.” ಸೆರಗು ಮಾತ್ರ ಕೈಯಲ್ಲಿ ಮುದ್ದೆಯಾಗಿತ್ತು.

ಮಂಗಳವಾರ ಬೆಳಿಗ್ಗೆ ನನಗೂ ಒಂದು ಏಪ್ರನ್ ತೊಡಿಸಿದರು. ಎಕ್ಸ್‌ರೇ ತಾಗದಂತೆ ಒಳಗೆ ಸೀಸ ಇರುತ್ತದಂತೆ. ತೊಟ್ಟ ಮೇಲೆ ಮೊಮ್ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಹಾಗಾಯಿತು. ಡಾಕ್ಟರು ದಿನವಿಡೀ ಇದನ್ನು ಹೊತ್ತು ನಿಲ್ಲುತ್ತಾರೆ! ನನ್ನ ಜಾಗ ಮಾಸ್ತರರ ತಲೆಯ ಹತ್ತಿರ. ನನ್ನ ಕೆಲಸ ಅವರ ಜೊತೆ ಮಾತಾಡುತ್ತ, ಕಾಲು ಅಲುಗದಂತೆ ನೋಡಿಕೊಳ್ಳುವುದು. ಸವಿತಾಗೆ ಮಾತಾಡಲು ಪುರುಸೊತ್ತಿರುವುದಿಲ್ಲವಲ್ಲ. ಇಟಲಿಯವರು ಮಾತ್ರ ತಾವೂ ಎರಡು ಶಬ್ದ ಕನ್ನಡ ಕಲಿಯಬೇಕೆಂದು ಹಟ ಹಿಡಿದರು. ಅದರ ಫಲವೇ ಆಲೂಗಡ್ಡೆ.

“ಅಕ್ಕೋರ, ಅವ್ರನ್ನ ನಗಸಬ್ಯಾಡ್ರಿ!” ಎಂದು ಸವಿತಾ ಗದರಿದಳು. ಶಿಷ್ಯೆ ಗುರುವಿಗೆ ಗದರುವುದು ಎಷ್ಟು ಸೊಗಸಾಗಿರುತ್ತದೆ ಎಂದು ಅನುಭವಿಸಲು ಆಗ ಸಮಯವಿರಲಿಲ್ಲ. ತಂತಿ ಮೊಣಕಾಲ ಕೆಳಗೆ ಸಿಕ್ಕಿಕೊಂಡಿತ್ತು.

ಅರ್ಧ ಗಂಟೆ. ಮುಕ್ಕಾಲು ಗಂಟೆ. ತಂತಿ ಬದಲಿಸಿದರು, ಮತ್ತೆ ಬದಲಿಸಿದರು. ಕಟ್ಟಿಕೊಂಡ ಜಾಗ ಸುಣ್ಣದಂತೆ ಗಟ್ಟಿಯಾಗಿತ್ತು. ಪರದೆಯಲ್ಲಿ ತಂತಿ ಬಂದು ಮುಟ್ಟುತ್ತಿತ್ತು, ಬಾಗುತ್ತಿತ್ತು, ಹಿಂದಿರುಗುತ್ತಿತ್ತು. ಹಾಲ್‌ನಿಂದ ಬರುತ್ತಿದ್ದ ಪ್ರಶ್ನೆಗಳು ನಿಂತವು. ಸವಿತಾಳ ಹಣೆಯನ್ನು ನರ್ಸ್ ಎರಡು ಸಲ ಒರೆಸಿದಳು.

ಇಷ್ಟು ಜನ ನೋಡುತ್ತಿರುವಾಗ ಸೋಲುವುದು ಹೇಗಿರುತ್ತದೆ? ಅದನ್ನು ಯೋಚಿಸುತ್ತಿದ್ದವಳಿಗೆ ನಾಚಿಕೆಯಾಯಿತು. ಸೋತರೆ ಕಾಲು ಹೋಗುವುದು ಸವಿತಾಳದ್ದಲ್ಲವಲ್ಲ.

“ಏನಾತ್ರಿ?” ಮಾಸ್ತರರು ಮೆಲ್ಲಗೆ ಕೇಳಿದರು.

ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ನಡುವ ಸಿಕ್ಕೊಂಡೈತ್ರಿ,” ಎಂದೆ.

“ಮತ್ತ ಆ ಕಡಿಯಿಂದ ಹಾಕಾಕ ಹೇಳ್ರಿ. ಲಾಡಿ ನಡುವ ಸಿಕ್ರ ನಾವು ಹಂಗ ಮಾಡ್ತೇವಿ.”

ಅದೇ ಹೊತ್ತಿಗೆ ಇಟಲಿಯವರು ಸವಿತಾಗೆ ಒಂದೇ ಶಬ್ದ ಹೇಳಿದರು. “ಪೆಡಲ್.”

ಮಾಸ್ತರರ ಕಣ್ಣು ಅರಳಿದವು. “ಪೆಡಲ್ ಅಂದ್ರಲ್ಲ? ನನ್ನ ಮಷೀನಿನ ಮಾತು ಇವ್ರಿಗೆ ಯಾರು ಹೇಳಿದ್ರು?”

ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದ ನನಗೂ ಅವತ್ತೇ ಗೊತ್ತಾದದ್ದು. ಡಾಕ್ಟರರ ಭಾಷೆಯಲ್ಲಿ ಪೆಡಲ್ ಎಂದರೆ ಪಾದದ್ದು. ಪಾದದ ಮೇಲಿನ ನಾಳಕ್ಕೆ ಸೂಜಿ ಚುಚ್ಚಿ, ಕೆಳಗಿನಿಂದ ಮೇಲಕ್ಕೆ ತಂತಿ ಕಳಿಸುವುದು. (ಅದು ಅವರಿಗೆ ಮೊದಲೇ ಗೊತ್ತಿದ್ದ ವಿಧಾನ. ಮೂಡಲಗಿಯಲ್ಲಿ ಮಾತ್ರ ಈಗ ಬೇರೆ ಕಥೆ ಓಡಾಡುತ್ತಿದೆ, ನಂಬಬೇಡಿ.)

ಪಾದದ ನಾಳ ಎಳೆ ದಾರದಷ್ಟಿರುತ್ತದೆ. ನೋವಾಗುತ್ತದೆ. ಆದರೂ ಕಾಲು ಕದಲಕೂಡದು. ಸವಿತಾ ನನ್ನ ಕಡೆ ನೋಡಿದಳು. ನನಗೆ ಏನೂ ಹೊಳೆಯಲಿಲ್ಲ. ಹೊಳೆದದ್ದು ಒಂದೇ. “ಮಾಸ್ತರ, ನನ್ನ ಕುಪ್ಪಸ ಹೆಂಗ ಕತ್ತರಿಸಿದ್ರಿ, ಮೊದಲಿಂದ ಹೇಳ್ರಿ,” ಎಂದೆ.

ಅವರು ಕಣ್ಣು ಮುಚ್ಚಿದರು. “ಖಣಾ ಅಡ್ಡ ಮಡಚಬೇಕ್ರಿ. ಅಂಚು ತೋಳಿಗೆ ಬರಬೇಕು. ಮೊದಲ ಬೆನ್ನು... ಆಮ್ಯಾಲ ಎದಿ...” ಸೂಜಿ ಇಳಿಯಿತು. ಮಾಸ್ತರರ ದವಡೆ ಬಿಗಿಯಿತು. “...ಎದಿ ಕ್ರಾಸ್ ಇಡಬೇಕು. ನೆಟ್ಟಗಿಟ್ರ ಕೂಡಂಗಿಲ್ಲ...” ಎಂದು ಮುಂದುವರಿಸಿದರು. ಕಾಲು ಕದಲಲಿಲ್ಲ.

ಮೈಕ್ ಆನ್ ಇತ್ತು. ಪೇಷಂಟ್ ಏನು ಹೇಳುತ್ತಿದ್ದಾರೆ, ನೋವಾಗುತ್ತಿದೆಯೇ ಎಂದು ಹಾಲ್‌ನಿಂದ ಯಾರೋ ಕೇಳಿದರು. ಕುಪ್ಪಸ ಕತ್ತರಿಸುವುದನ್ನು ಹೇಳುತ್ತಿದ್ದಾರೆ ಎಂದೆ. ಆಮೇಲೆ ಕೆನ್ಯಾದ ಡಾಕ್ಟರೊಬ್ಬಳ ದನಿ: “ತೋಳನ್ನು ನೇರ ಕತ್ತರಿಸುತ್ತಾರೋ, ಕ್ರಾಸ್ ಆಗಿಯೋ ಕೇಳಿ. ನನ್ನಮ್ಮ ಟೇಲರ್.”

ಕೇಳಿದೆ. ಕಣ್ಣು ತೆರೆಯದೆ ಮಾಸ್ತರರು, “ತೋಳು ನೇರ. ಆಕಿ ಅವ್ವಗ ನನ್ನ ಸಲಾಮ್ ಹೇಳ್ರಿ,” ಎಂದರು.

ತೋಳು ಮುಗಿದು ಕೊರಳಿಗೆ ಬರುವ ಹೊತ್ತಿಗೆ ಕೆಳಗಿನ ತಂತಿ ಮೇಲಿನದನ್ನು ಕೂಡಿತ್ತು. ದಾರಿ ಸಿಕ್ಕಿತು. ಬಲೂನು ಹೋಯಿತು. ಲಿಯೆನ್ ಅದನ್ನು ಉಬ್ಬಿಸುವ ಹಿಡಿಕೆ ತಿರುಗಿಸತೊಡಗಿದಳು. ಒಂದು ಸುತ್ತು, ನಿಲ್ಲು. ಒತ್ತಡದ ಮುಳ್ಳು ನೋಡು. ಇನ್ನರ್ಧ ಸುತ್ತು. ಅಷ್ಟು ನಿಧಾನವಾಗಿ ಯಾರಾದರೂ ಹಾಲು ಕಾಯಿಸುವುದನ್ನೂ ನಾನು ಕಂಡಿಲ್ಲ.

ಬಲೂನು ತೆಗೆದು, ಎಕ್ಸ್‌ರೇಯಲ್ಲಿ ಕಾಣುವ ಔಷಧ ಬಿಟ್ಟರು. ಪರದೆಯಲ್ಲಿ ಮೊಣಕಾಲ ಕೆಳಗೆ ಖಾಲಿಯಿದ್ದ ಜಾಗದಲ್ಲಿ ಒಂದು ಕಪ್ಪು ಗೆರೆ ಪಾದದವರೆಗೂ ಹರಿದುಹೋಯಿತು.

ಆಗ ಲಿಯೆನ್ ಪಾದದ ಕಡೆ ಬೆರಳು ತೋರಿಸಿದಳು. ತಿಂಗಳಿಂದ ಒಣಗಿ ಬಿದ್ದಿದ್ದ ಹುಣ್ಣಿನ ಅಂಚಿನಲ್ಲಿ ಒಂದು ಹನಿ ರಕ್ತ. ಕೆಂಪು, ಹೊಚ್ಚಹೊಸದು. ಹಾಲ್‌ನಲ್ಲಿ ಚಪ್ಪಾಳೆ.

ರಕ್ತ ಬಂದದ್ದಕ್ಕೆ ಡಾಕ್ಟರು ಚಪ್ಪಾಳೆ ತಟ್ಟುವುದನ್ನು ನೀವು ಎಲ್ಲಾದರೂ ಕೇಳಿದ್ದೀರಾ? ನಾನು ಏಪ್ರನ್ ಬಿಚ್ಚುವುದನ್ನೂ ಮರೆತು ಹೊರಗೆ ಓಡಿ, “ರಕ್ತ ಬಂತ್ರಿ, ರಕ್ತ ಬಂತು!” ಎಂದೆ. ಜೈತೂನ್‌ಬಿ ಗೋಡೆ ಹಿಡಿದು ಕೆಳಗೆ ಕೂತುಬಿಟ್ಟರು. ಅವರಿಗೆ ವಿಷಯ ತಿಳಿಸಿ ಹೇಳಲು ಹತ್ತು ನಿಮಿಷ ಬೇಕಾಯಿತು.

ಶನಿವಾರ ವರ್ಕ್‌ಶಾಪ್ ಮುಗಿಯಿತು. ವಿದೇಶದವರನ್ನೆಲ್ಲ ಗೋಕಾಕ ಫಾಲ್ಸ್ ತೋರಿಸಲು ಬಸ್ಸಿನಲ್ಲಿ ಕರೆತಂದರು. ಲಿಯೆನ್ ಮಾತ್ರ ಜಲಪಾತ ನೋಡಲಿಲ್ಲ. ನನ್ನ ಜೊತೆ ಮೂಡಲಗಿಗೆ ಬಂದಳು.

ಮನೆಗೆ ಬಂದಿದ್ದ ಮಾಸ್ತರರ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಪಾದದ ಮೇಲೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿದಳು. ಆಮೇಲೆ ಮಾಸ್ತರರ ಬೆರಳನ್ನೇ ಹಿಡಿದು ಅಲ್ಲಿಟ್ಟಳು.

“ಬಡಿಯಾಕತ್ತೈತಿ,” ಎಂದರು ಮಾಸ್ತರರು. ಬೆರಳು ತೆಗೆಯಲಿಲ್ಲ. “ಅಕ್ಕೋರ, ಕಾಲಾಗೂ ಎದಿ ಇರತೈತಿ ಏನ್ರಿ?”

ಆಮೇಲೆ ಒಂದು ವಾರ ಅವರ ಮನೆಗೆ ಬಂದವರೆಲ್ಲ ಚಹಾ ಕುಡಿಯುವ ಮೊದಲು ಕಾಲು ಮುಟ್ಟಿ ನೋಡಬೇಕಾಯಿತು. ನಾನೂ ಮನೆಗೆ ಬಂದು ಚಪ್ಪಲಿ ಬಿಟ್ಟು ನನ್ನದನ್ನು ಹುಡುಕಿದೆ. ಹೆಬ್ಬೆರಳಿನಿಂದ ಪಾದದ ಬೆನ್ನಿನ ಮೇಲೆ ನೇರ ಬನ್ನಿ, ನಡುವೆ ಎಲ್ಲೋ ಸಣ್ಣಗೆ ತಟ್ಟುತ್ತದೆ. ನೀವೂ ಹುಡುಕಿ ನೋಡಿ. (ಸಿಗದಿದ್ದರೆ ಗಾಬರಿ ಬೇಡ. ಎಲ್ಲರದೂ ಸುಲಭಕ್ಕೆ ಸಿಗುವುದಿಲ್ಲವಂತೆ.) ಅರವತ್ತು ವರ್ಷ ನನ್ನ ಕಾಲಲ್ಲಿ ಇದ್ದದ್ದು ನನಗೇ ಗೊತ್ತಿರಲಿಲ್ಲ.

ಎಲ್ಲವೂ ಸುಖಾಂತ ಎನ್ನಲಾರೆ. ಕಪ್ಪಾಗಿದ್ದ ಎರಡು ಬೆರಳು ಉಳಿಯಲಿಲ್ಲ. ಮೂರು ವಾರದ ಮೇಲೆ ಗೋಕಾಕದಲ್ಲೇ ತೆಗೆದರು. ಆ ದಿನಗಳಲ್ಲಿ ಮಾಸ್ತರರು ಯಾರ ಜೊತೆಯೂ ಮಾತಾಡಲಿಲ್ಲ. ಹುಣ್ಣು ಮಾಯಲು ಮತ್ತೆ ಬಹಳ ದಿನ ಹಿಡಿಯಿತು. ಸವಿತಾಳೂ ಎಚ್ಚರಿಸಿದ್ದಾಳೆ: ಸಕ್ಕರೆ ಹಿಡಿತದಲ್ಲಿಲ್ಲದಿದ್ದರೆ ದಾರಿ ಮತ್ತೆ ಕಟ್ಟಬಹುದು. ಆದರೆ ಪಾದ ಉಳಿದಿದೆ. ನನ್ನ ಕುಪ್ಪಸಗಳು ಬಂದಿವೆ. ಕಂಕುಳಲ್ಲಿ ಒಂದು ನೆರಿಗೆಯಿಲ್ಲ.

ಹೋದ ವಾರ ಲಿಯೆನ್‌ಳ ಮೆಸೇಜ್ ಬಂತು. ತನ್ನ ಊರಿನಲ್ಲಿ ಅವಳು ಮೊದಲ ಸಲ ತಾನೇ ಮುಂದೆ ನಿಂತು ಒಂದು ಕಾಲು ಉಳಿಸಿದ್ದಾಳೆ. ತಳ್ಳುಗಾಡಿಯಲ್ಲಿ ಮೀನು ಮಾರುವ ಮುದುಕನದು. ತಂತಿ ಸಿಕ್ಕಿಕೊಂಡಿತಂತೆ. ಮೂರು ಸಲ ಹಿಂದಕ್ಕೆಳೆದು ಮತ್ತೆ ಹಾಕಿದಳಂತೆ. “ಮಾಸ್ಟರ್‌ಗೆ ಹೇಳಿ,” ಎಂದು ಬರೆದಿದ್ದಳು.

ಮೂಡಲಗಿಗೆ ಹೋಗಿ ಹೇಳಿದೆ. ಮಾಸ್ತರರು ಮಷೀನು ನಿಲ್ಲಿಸಿದರು. “ಯಾವ ಕಾಲಂತ?” ಎಂದರು.

ಅದೇನು ಪ್ರಶ್ನೆ ಎಂದುಕೊಳ್ಳುತ್ತಲೇ ಮೆಸೇಜ್ ಮಾಡಿದೆ. ಉತ್ತರ ಬರುವ ತನಕ ಮಾಸ್ತರರು ದಾರ ಪೋಣಿಸಲಿಲ್ಲ. ಫೋನ್ ಸದ್ದಾಯಿತು. ಬಲಗಾಲು.

“ನಂದು ಎಡಗಾಲು,” ಎಂದರು ಮಾಸ್ತರರು, ಅದನ್ನು ಪೆಡಲ್ ಮೇಲಿಡುತ್ತ. “ಜೋಡಿ ಆತ್ ನೋಡ್ರಿ.”